ನಮ್ಮ ಓಣಿಗೂ ಒಂದು ಹಡಗು ಬರಲಿ

ಮಂಗಳೂರಿನಲ್ಲಿ ರಸ್ತೆ ಗುಂಡಿ ಮುಚ್ಚಿಸಲು ಯಾರಿಗೆ ಅರ್ಜಿ ಕೊಡಬೇಕು ಅಂತ ಇನ್ನು ತಲೆ ಕೆಡಿಸಿಕೊಳ್ಳಬೇಡಿ. ಹಡಗಿನವರಿಗೆ ಕೊಡಿ. ಬೇಗ ಆಗುತ್ತದೆ.

ಮಳೆ ನಿಂತು ಕಡಲು ಸುಮ್ಮನಾದ ಮೇಲೆ ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಬೆಳಗ್ಗೆ ಬಂದು ಸಂಜೆ ಹೊರಡುವ ನೆಂಟರು ಅವರು. ಇಳಿಯುತ್ತಿದ್ದ ಹಾಗೆ ಚೆಂಡೆ, ಮಲ್ಲಿಗೆ, ಯಕ್ಷಗಾನದ ವೇಷ. ವೇಷದವರು ಕುಣಿಯಬೇಕೆಂದೇನೂ ಇಲ್ಲ, ಸೆಲ್ಫಿಗೆ ನಿಂತರೆ ಸಾಕು. ಕಿರೀಟ ಕಟ್ಟಿ ಬಿಸಿಲಲ್ಲಿ ಅಷ್ಟು ಹೊತ್ತು ನಗುವುದಕ್ಕಿಂತ ಇಡೀ ರಾತ್ರಿ ಆಟ ಆಡುವುದೇ ಸುಲಭ, ಅಲ್ವಾ?

ಹಡಗು ಬರುತ್ತದೆ ಎಂದರೆ ಎರಡು ದಿನ ಮೊದಲೇ ಊರಿಗೆ ಜ್ವರ ಹಿಡಿಯುತ್ತದೆ. ಬಸ್ಸು ಹೋಗುವ ದಾರಿಯ ಗುಂಡಿಗಳಿಗೆ ಜಲ್ಲಿ ಬೀಳುತ್ತದೆ. ಪಕ್ಕದ ದಾರಿಯ ಗುಂಡಿಗಳಿಗೆ ಬೀಳುವುದಿಲ್ಲ, ಅವುಗಳಿಗೆ ವಿದೇಶಿ ಸಂಪರ್ಕವಿಲ್ಲ. ಕಾಂಪೌಂಡ್ ಗೋಡೆಗೆ ರಸ್ತೆ ಕಡೆಯ ಮುಖಕ್ಕೆ ಮಾತ್ರ ಬಣ್ಣ. ವರ್ಷವಿಡೀ ‘ಕೀ ಅವರ ಹತ್ತಿರ ಉಂಟು’ ಎಂದು ಬೀಗ ಬಿದ್ದಿದ್ದ ಶೌಚಾಲಯ ಅವತ್ತು ತೆರೆಯುತ್ತದೆ. ಒಳಗೆ ನೀರು, ಸಾಬೂನು ಎಲ್ಲ ಉಂಟು. ಊರಿನವರು ಒಳಗೆ ಹೋದರೆ ಕಾವಲುಗಾರ ಕೇಳುತ್ತಾನೆ, “ನೀವು ಹಡಗಿನವರಾ?”

ಆಮೇಲೆ ಕೋಟೆ ದರ್ಶನ. ಬೋಳೂರಿನ ಸುಲ್ತಾನ್ ಬತ್ತೇರಿ. ಇದರ ಚರಿತ್ರೆ ಚಿಕ್ಕದು, ಆದರೆ ಚಂದ. ಗುರುಪುರ ನದಿಯೊಳಗೆ ಯುದ್ಧದ ಹಡಗುಗಳು ನುಗ್ಗದಿರಲಿ ಎಂದು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಅದೇ ವರ್ಷ ಮಾರ್ಚ್ 11ಕ್ಕೆ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದ ಆಗಿತ್ತು. ಒಪ್ಪಂದದ ಮೇಲೆ ಟಿಪ್ಪುವಿಗೆ ಎಷ್ಟು ನಂಬಿಕೆ ಇತ್ತು ಅಂತ ಈ ಕಟ್ಟಡ ನೋಡಿದರೆ ಗೊತ್ತಾಗುತ್ತದೆ. ಈಗ ಹಡಗಿನಲ್ಲಿ ಬಂದವರನ್ನು ನಾವೇ ಎಸಿ ಬಸ್ಸಿನಲ್ಲಿ ಕೂರಿಸಿ, ತಿಲಕ ಇಟ್ಟು ಅಲ್ಲಿಗೆ ಬಿಟ್ಟು ಬರುತ್ತೇವೆ.

‘ಕೋಟೆ’ ಎಂದು ಹೇಳಿ ಕರೆತಂದ ಕಾರಣ ಪಾಪ, ನೆಂಟರು ಕಂದಕ ಹುಡುಕುತ್ತಾರೆ, ಅರಮನೆ ಹುಡುಕುತ್ತಾರೆ. ಎದುರಿಗಿರುವುದು ಕಪ್ಪು ಕಲ್ಲಿನ ಒಂದು ಕಾವಲು ಬುರುಜು, ಮೇಲೆ ಹತ್ತಲು ಮೆಟ್ಟಿಲು, ಕೆಳಗೆ ತೋಪಿನ ಮದ್ದು ಇಡುತ್ತಿದ್ದ ಜಾಗ. “ಉಳಿದದ್ದು ಎಲ್ಲಿ?” ಎಂದರೆ ಗೈಡ್ ನದಿ ಕಡೆ ಕೈ ತೋರಿಸುತ್ತಾನೆ. ನದಿ ಚೆನ್ನಾಗಿಯೇ ಉಂಟು. ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಬೇಕೆಂದರೆ ಮೊದಲು ಅಲ್ಲಿ ತುರುಕಿದ ಗುಟ್ಕಾ ಚೀಟು, ನೀರಿನ ಬಾಟಲಿ ತೆಗೆಯಬೇಕು. ಕಲ್ಲಿನ ಮೇಲೆ ಬಾಣ ಚುಚ್ಚಿದ ಹೃದಯ, ಅದರ ಎರಡು ಕಡೆ ಎರಡು ಅಕ್ಷರ. ಕೆಲವು ಕಡೆ ಒಂದು ಅಕ್ಷರ ಗೀಚಿ ಅಳಿಸಿ ಬೇರೆ ಅಕ್ಷರ ಬರೆದದ್ದೂ ಉಂಟು. ರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ ಕಾನೂನು. ಈ ಪ್ರೇಮಿಗಳಿಂದ ದಂಡ ವಸೂಲು ಮಾಡಿದ್ದರೆ ಇಲ್ಲಿಂದ ನದಿಯಾಚೆಯ ತಣ್ಣೀರುಬಾವಿ ಕಡಲತೀರಕ್ಕೆ ಸುದ್ದಿಯಲ್ಲೇ ತೂಗಾಡಿದ ತೂಗುಸೇತುವೆ ಯಾವತ್ತೋ ಎದ್ದು ನಿಲ್ಲುತ್ತಿತ್ತು.

ಊಟದ ನಂತರ ‘ಹಳ್ಳಿ ಜೀವನ’. ಅಡಿಕೆ ತೋಟ, ಹಂಚಿನ ಮನೆ. ಮನೆಯ ಅಜ್ಜಿಗೆ ಮೊದಲೇ ಸೂಚನೆ ಹೋಗಿರುತ್ತದೆ: “ಅಮ್ಮಾ, ಮಿಕ್ಸಿ ಒಳಗಿಡಿ. ಕಡೆಯುವ ಕಲ್ಲಿನ ಹತ್ತಿರ ಕೂತುಕೊಳ್ಳಿ.” ಕಡೆಯುವ ಕಲ್ಲಿನ ಮೇಲೆ ತುಳಸಿ ಕುಂಡ ಇಟ್ಟು ಎಷ್ಟೋ ವರ್ಷ ಆಯಿತು. ಅದನ್ನು ಇಳಿಸಿ, ಕಲ್ಲು ತೊಳೆದು, ನಾಲ್ಕು ಮೆಣಸು ಹಾಕಿ ಕೊಡುತ್ತಾರೆ. ನೆಂಟರು ಸುತ್ತ ನಿಂತು ವಿಡಿಯೋ ಮಾಡುತ್ತಾರೆ. ಅಜ್ಜಿ ಒಂದು ಸುತ್ತು ತಿರುಗಿಸಿ ಸೊಂಟ ಹಿಡಿದುಕೊಂಡು ಗೈಡಿನ ಹತ್ತಿರ ಹೇಳುತ್ತಾರೆ, “ಇವರು ಹೋದ ಮೇಲೆ ಉಳಿದದ್ದು ನೀನೇ ಕಡೆದು ಕೊಡು ಮಗಾ.”

ಸಂಜೆ ಹಡಗು ಕೂಗಿ ಹೊರಡುತ್ತದೆ. ಶೌಚಾಲಯದ ಕೀ ಮತ್ತೆ ‘ಅವರ’ ಹತ್ತಿರ.

ಇದನ್ನೆಲ್ಲ ನೋಡಿ ನಮ್ಮ ಓಣಿಯವರೂ ಈಗ ಹುಷಾರಾಗಿದ್ದಾರೆ. ಕಾರ್ಪೊರೇಷನ್ನಿಗೆ ಅರ್ಜಿ ಬರೆಯುವುದು ನಿಲ್ಲಿಸಿದ್ದಾರೆ. ಮೊನ್ನೆ ಸಭೆಯಲ್ಲಿ ಒಂದೇ ವಿಷಯ: ಹಡಗಿನವರಿಗೆ ತೋರಿಸಲು ನಮ್ಮಲ್ಲಿ ಏನುಂಟು? ಒಬ್ಬರು ಹಾಳು ಬಾವಿ ಉಂಟು ಎಂದರು. ಇನ್ನೊಬ್ಬರು “ಸುಮ್ನೆ ಪೋರ್ಚುಗೀಸರ ಬಾವಿ ಅಂತ ಹೇಳುವ ಮಾರಾಯ್ರೆ” ಎಂದರು. ಪಾಚಿ ಜಾಸ್ತಿ ಇರುವುದರಿಂದ ನಂಬಬಹುದು ಎಂದು ಎಲ್ಲರೂ ಒಪ್ಪಿದರು. ಬಾವಿಗೆ ಹೋಗುವ ದಾರಿ ಸರಿ ಇಲ್ಲ, ಬಸ್ಸು ಹೋಗುವುದಿಲ್ಲ. ಅದಕ್ಕೇ ಅಲ್ವಾ ಹಡಗು ಬೇಕಾದದ್ದು?