ಸ್ಪಷ್ಟನೆ: ಗಿಟ್‌ನಲ್ಲಿ ಒಂದೇ ಹೆಸರಿನ ಎರಡು ವರ್ಕ್‌ಟ್ರೀ ಇರಬಹುದು

ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ. ಒಂದೇ ರೆಪೊಸಿಟರಿಗೆ (ಪ್ರಾಜೆಕ್ಟ್‌ನ ಫೈಲ್‌ಗಳು ಮತ್ತು ಅವುಗಳ ಇತಿಹಾಸದ ಸಂಗ್ರಹ) ಸೇರಿದ, ಬೇರೆಯಾಗಿ ಕೆಲಸ ಮಾಡುವ ಫೋಲ್ಡರ್ ಅನ್ನು ವರ್ಕ್‌ಟ್ರೀ ಎನ್ನುತ್ತಾರೆ. ‘ಒಂದೇ ಹೆಸರಿನ ಎರಡು ಫೋಲ್ಡರ್‌ಗಳನ್ನು ವರ್ಕ್‌ಟ್ರೀ ಮಾಡಲು ಗಿಟ್ ಬಿಡುವುದಿಲ್ಲ, ಬಿಟ್ಟರೂ ಮೊದಲನೆಯದು ಹಾಳಾಗುತ್ತದೆ’ ಎಂಬ ಮಾತು ಡೆವಲಪರ್‌ಗಳ ನಡುವೆ ಓಡಾಡುತ್ತಿದೆ. ಇದು ತಪ್ಪು.

ಅಂಗಡಿ/ಫಿಕ್ಸ್, ಬಿಲ್ಲಿಂಗ್/ಫಿಕ್ಸ್ ಅಂತ ಎರಡು ವರ್ಕ್‌ಟ್ರೀ ಮಾಡಿದಿರಿ ಅಂದುಕೊಳ್ಳಿ. ಮೂಲ ರೆಪೊಸಿಟರಿಯ ಡಾಟ್ ಗಿಟ್ (.git) ಫೋಲ್ಡರ್ ಒಳಗಿನ ವರ್ಕ್‌ಟ್ರೀಸ್ ಫೋಲ್ಡರ್ ತೆರೆದು ನೋಡಿ. ಅಲ್ಲಿ ‘ಫಿಕ್ಸ್’, ‘ಫಿಕ್ಸ್1’ ಎರಡೂ ಇರುತ್ತವೆ. ಹೆಸರು ಒಂದೇ ಆದಾಗ ಗಿಟ್ ತಾನೇ ಒಂದು ಅಂಕಿ ಸೇರಿಸುತ್ತದೆ. ಎರಡಕ್ಕೂ ಬೇರೆ ಹೆಡ್ (ಈಗ ಯಾವ ಬ್ರಾಂಚ್, ಅಂದರೆ ಕೆಲಸದ ಯಾವ ಕವಲಿನಲ್ಲಿದ್ದೀರಿ ಎಂಬ ಗುರುತು), ಬೇರೆ ಇಂಡೆಕ್ಸ್ (ಮುಂದಿನ ಕಮಿಟ್‌ಗೆ, ಅಂದರೆ ಇತಿಹಾಸದಲ್ಲಿ ಉಳಿಸಲು, ಸಿದ್ಧಪಡಿಸಿದ ಫೈಲ್‌ಗಳ ಪಟ್ಟಿ). ಒಂದರ ಕೆಲಸ ಇನ್ನೊಂದಕ್ಕೆ ತಾಗುವುದಿಲ್ಲ.

ಹಾಗಾದರೆ ಎರಡನೇ ವರ್ಕ್‌ಟ್ರೀ ಮಾಡುವಾಗ ಕೆಲವೊಮ್ಮೆ ಎರರ್ ಯಾಕೆ ಬರುತ್ತದೆ? ಗೊಂದಲ ಹುಟ್ಟಿದ್ದೇ ಇಲ್ಲಿ. ಬ್ರಾಂಚ್ ಹೇಳದೆ ಸುಮ್ನೆ ಫೋಲ್ಡರ್ ದಾರಿ ಮಾತ್ರ ಕೊಟ್ಟರೆ, ಗಿಟ್ ಫೋಲ್ಡರ್ ಹೆಸರನ್ನೇ ಬ್ರಾಂಚ್‌ಗೂ ಇಡುತ್ತದೆ. ಎರಡನೇ ಸಲ ಆ ‘ಫಿಕ್ಸ್’ ಬ್ರಾಂಚ್ ಆಗಲೇ ಮೊದಲ ವರ್ಕ್‌ಟ್ರೀಯಲ್ಲಿ ತೆರೆದಿರುತ್ತದೆ, ಅಲ್ವಾ? ಒಂದೇ ಬ್ರಾಂಚ್ ಅನ್ನು ಎರಡು ಕಡೆ ತೆರೆಯಲು ಗಿಟ್ ಬಿಡುವುದಿಲ್ಲ, ಅದಕ್ಕೇ ತಡೆ. ಅಡ್ಡಿ ಬ್ರಾಂಚ್‌ನದು, ಫೋಲ್ಡರ್‌ನದಲ್ಲ. ಮೈನಸ್ ಬಿ (-b, ಹೊಸ ಬ್ರಾಂಚ್ ಮಾಡುವ ಆಯ್ಕೆ) ಹಾಕಿ ಬೇರೆ ಬ್ರಾಂಚ್ ಹೆಸರು ಕೊಡಿ, ಸಲೀಸಾಗಿ ಆಗುತ್ತದೆ.

ತೆಗೆಯುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಬರೀ ‘ಫಿಕ್ಸ್’ ಅಂದರೆ ಯಾವುದು ಅಂತ ಗಿಟ್‌ಗೆ ಗೊತ್ತಾಗುವುದಿಲ್ಲ. ‘ಬಿಲ್ಲಿಂಗ್/ಫಿಕ್ಸ್’ ಅಂತ ಹೇಳಿ. ಕಮಿಟ್ ಆಗದ ಬದಲಾವಣೆ ಇದ್ದರೆ ವರ್ಕ್‌ಟ್ರೀ ರಿಮೂವ್ ಕಮಾಂಡ್ ನಿಮ್ಮನ್ನು ತಡೆಯುತ್ತದೆ. ಆರ್‌ಎಂ (rm, ಫೈಲ್ ಅಳಿಸುವ ಸಾಮಾನ್ಯ) ಕಮಾಂಡ್‌ನಿಂದ ನೇರವಾಗಿ ಅಳಿಸಿದರೆ ಆ ಕಾವಲಿಲ್ಲ. ತಪ್ಪು ‘ಫಿಕ್ಸ್’ ಅಳಿಸಿದರೆ ಕಮಿಟ್ ಮಾಡದ, ಇಂಡೆಕ್ಸ್‌ಗೂ ಸೇರಿಸದ ಕೆಲಸವನ್ನು ಗಿಟ್ ವಾಪಸ್ ತಂದುಕೊಡಲಾರದು.