ಆ ಕ್ಷಮಾದಾನದ ಬಗ್ಗೆ ಇನ್ನೂ ಬರೀಬೇಕಿತ್ತು
ಜಾನ್ ಪೀಟರ್ ಆಲ್ಟ್‌ಗೆಲ್ಡ್ ವಕೀಲರಿಂದ ಜಡ್ಜ್ ಆದ ಕಥೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರ್ದಿದೀರ ಸಾರ್, ಆದ್ರೆ ಅವರು ಗವರ್ನರ್ ಆಗಿದ್ದಾಗ 1893ರಲ್ಲಿ ಕೈದಿಗಳಿಗೆ ಕೊಟ್ಟ ಕ್ಷಮಾದಾನಾನ ಒಂದೇ ಸಾಲಲ್ಲಿ ಮುಗಿಸ್ಬಿಟ್ರಲ್ಲ ಅಂತ ಬೇಜಾರಾಯ್ತು. ಜರ್ಮನಿಲಿ ಹುಟ್ಟಿ ಎಳೆಕೂಸಾಗಿದ್ದಾಗ್ಲೇ ಅಮೆರಿಕಾಗೆ ಬಂದೋರು, ಮೇಷ್ಟ್ರಾಗಿ, ಲಾ ಓದಿ, 1886ರಲ್ಲಿ ಷಿಕಾಗೋದಲ್ಲಿ ಜಡ್ಜ್ ಆದೋರು. ಇಲಿನಾಯ್ ಗವರ್ನರ್ ಆದ್ಮೇಲೆ ಹೇಮಾರ್ಕೆಟ್ ಬಾಂಬ್ ಕೇಸಲ್ಲಿ (1886ರಲ್ಲಿ ಷಿಕಾಗೋದ ಕಾರ್ಮಿಕರ ಸಭೇಲಿ ಪೊಲೀಸರ ಮೇಲೆ ಬಾಂಬ್ ಎಸೆದ ಕೇಸು) ಜೈಲಲ್ಲಿದ್ದ ಮೂರು ಜನಾನ ಬಿಡಿಸಿದ್ರು. ಪಾಪ ಅಂತ ಕರುಣೆ ತೋರಿಸಿದೆ ಅಂದು ಸುಮ್ನಾಗ್ಬಹುದಿತ್ತು, ಅದು ಬಿಟ್ಟು ಜ್ಯೂರಿ ಆರಿಸಿದ್ದೇ ಸರಿಯಿಲ್ಲ, ಬಾಂಬ್ ಎಸೆದೋರು ಯಾರು ಅಂತಾನೇ ಪ್ರೂವ್ ಆಗಿಲ್ಲ, ಆ ಕೇಸು ನಡೆಸಿದ ಜಡ್ಜ್ ಪಕ್ಷಪಾತ ಮಾಡಿದ್ರು ಅಂತ ಕಾರಣ ಸಮೇತ ಬರೆದಿಟ್ರು. ಆ ಜಡ್ಜ್ ಗ್ಯಾರಿ ಇವರದ್ದೇ ಕೋರ್ಟಲ್ಲಿ ಜಡ್ಜ್ ಆಗಿದ್ದೋರು! ಪೇಪರ್‌ಗಳು ಉಗಿದ್ವು, 1896ರ ಎಲೆಕ್ಷನ್ನೂ ಸೋತ್ರು, ಆದ್ರೂ ಬರೆದಿದ್ದನ್ನ ವಾಪಸ್ ತಗೊಳ್ಳಲಿಲ್ಲ. ದಯವಿಟ್ಟು ಅದರ ಬಗ್ಗೆನೇ ಇನ್ನೊಂದು ಲೇಖನ ಬರೀರಿ.