ಜಾಲರಿ ಹಾಕಿದರೂ ಗಟರ್ ಉಕ್ಕುತ್ತದೆ

ಸೂರಿನ ಗಟರ್‌ಗೆ (ಚಾವಣಿಯ ಮಳೆನೀರು ಹಿಡಿಯುವ ದೋಣಿಗೆ) ಜಾಲರಿ ಹಾಕಿದರೆ ಸಾಕು, ಎಲೆ ಕಟ್ಟಿಕೊಳ್ಳುವುದಿಲ್ಲ, ನೀರು ಉಕ್ಕುವುದಿಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತು. ನಮ್ಮ ಮನೆಯಲ್ಲಿ ಜಾಲರಿ ಹಾಕಿದ ಮೇಲೂ ನೀರು ಉಕ್ಕಿ ಗೋಡೆ ನೆನೆಯಿತು. ಏಣಿ ಹತ್ತಿ ನೋಡಿದೆ. ಮೇಲೆ ಒಂದೂ ದೊಡ್ಡ ಎಲೆ ಇಲ್ಲ. ಆದರೆ ಕೆಳಗಿಳಿಯುವ ಪೈಪಿನ ಬಾಯಲ್ಲಿ ದಪ್ಪಗೆ ಕಪ್ಪು ಕೆಸರು. ಕೈಯಲ್ಲಿ ಹಿಂಡಿದರೆ ನುಣ್ಣನೆ ಮಣ್ಣು, ಕೊಳೆತ ಎಲೆಯ ನಾರು, ಹೂವಿನ ಎಸಳು, ಸಣ್ಣ ಬೀಜಗಳು. ಒಂದು ಬೀಜ ಅಲ್ಲೇ ಮೊಳಕೆ ಒಡೆದು ಬೇರು ಬಿಟ್ಟಿತ್ತು! ಇಂಥವೆಲ್ಲ ಜಾಲರಿಯ ಕಣ್ಣಿನಿಂದ ಸಲೀಸಾಗಿ ನುಸುಳುತ್ತವೆ. ಪೈಪು ತಿರುಗುವ ಜಾಗದಲ್ಲೂ ಇದೇ ಕಥೆ, ಅದು ಹೊರಗಿನಿಂದ ಕಾಣುವುದಿಲ್ಲ ಅಷ್ಟೇ.

ನೀರು ಪೈಪಿನ ಕಡೆ ಹರಿಯಲು ಗಟರ್‌ಗೆ ಬೇಕಾದ ಇಳಿಜಾರಿನ ಮಾತೇ ಲೇಖನದಲ್ಲಿಲ್ಲ. ಅದನ್ನು ಹಿಡಿದಿರುವ ಒಂದು ಕ್ಲಾಂಪು ಸಡಿಲವಾದರೂ ಗಟರ್ ಅಲ್ಲಿ ಜೋತುಬೀಳುತ್ತದೆ. ನೀರು ನಿಲ್ಲುತ್ತದೆ, ಮಣ್ಣು ತಳದಲ್ಲಿ ಕೂರುತ್ತದೆ, ಭಾರಕ್ಕೆ ಇನ್ನೂ ಜಾಸ್ತಿ ಬಾಗುತ್ತದೆ. ಬಕೆಟ್ ನೀರನ್ನು ಒಂದು ತುದಿಯಲ್ಲಿ ಸುರಿದು ನೋಡಿ, ಎಲ್ಲಿ ನಿಲ್ಲುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

ನೀರಿನ ಲೆಕ್ಕವನ್ನೂ ಹಾಕಬೇಕು ಅಲ್ವಾ? 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್ ನೀರು. ಅಷ್ಟೂ ಕಾಲು ಗಂಟೆಯಲ್ಲಿ ಸುರಿದರೆ ಒಂದೇ ಸಣ್ಣ ಪೈಪು ಏನು ಮಾಡೀತು? ಗಟರ್ ಪೂರ್ತಿ ಸ್ವಚ್ಛವಾಗಿದ್ದೂ ಉಕ್ಕುತ್ತಿದ್ದರೆ ಸುಮ್ನೆ ಮತ್ತೆ ಮತ್ತೆ ಗೋರಬೇಡಿ. ಇನ್ನೊಂದು ಪೈಪು ಇಳಿಸಿ.